ಕಪ್ಪು ಅದಿರು, ಆಲದ ಬಿಳಲು

ಪ್ರಶ್ನೆ: ಹೈಟಿಯ ಕವಿ ರೆನೆ ದೆಪೆಸ್ತ್ರ್ ಅವರ ಕವಿತೆಗಳನ್ನು ಇಂಗ್ಲಿಷಿನ ಮೂಲಕ ಕನ್ನಡಕ್ಕೆ ತರುತ್ತಿದ್ದೇನೆ. 'ಮರೂನ್' ಎಂಬುದನ್ನು 'ಕಂದುಗೆಂಪು' ಎಂದೂ 'ಬ್ಲ್ಯಾಕ್ ಓರ್' ಎಂಬುದನ್ನು 'ಕಪ್ಪು ಖನಿಜ' ಎಂದೂ ಮಾಡಿದ್ದೇನೆ. ಸರಿಯೇ? ಅಷ್ಟು ಎಳೆಯ ವಯಸ್ಸಿನಲ್ಲಿ ಅವರು ದೇಶ ಬಿಟ್ಟದ್ದೇಕೆ?

ಉತ್ತರ: ಮೊದಲು 'ಕಂದುಗೆಂಪು' ತಿದ್ದಿ. ಇಲ್ಲಿನ 'ಮರೂನ್' ಪದಕ್ಕೂ ಬಣ್ಣಕ್ಕೂ ಸಂಬಂಧವಿಲ್ಲ. ಇದರ ಮೂಲ ಸ್ಪ್ಯಾನಿಷ್‌ನ 'ಸಿಮರ್ರೋನ್'. ದೊಡ್ಡಿ ಬಿಟ್ಟು ಗುಡ್ಡ ಸೇರಿದ ದನಕ್ಕೆ ಹೇಳುತ್ತಿದ್ದ ಮಾತು ಅದು. ಆಮೇಲೆ ತೋಟಗಳಿಂದ ಓಡಿಹೋದ ಗುಲಾಮರಿಗೂ ಅದೇ ಹೆಸರಾಯಿತು. ಹೈಟಿಯ ರಾಜಧಾನಿ ಪೋರ್ಟ್-ಒ-ಪ್ರಿನ್ಸ್‌ನಲ್ಲಿ ಅಂಥವನೊಬ್ಬನ ಕಂಚಿನ ಪ್ರತಿಮೆಯಿದೆ: ಬಾಯಲ್ಲಿ ಶಂಖ, ಕೈಯಲ್ಲಿ ಮಚ್ಚು, ಕಾಲಲ್ಲಿ ತುಂಡಾದ ಸರಪಳಿ. 'ತಪ್ಪಿಸಿಕೊಂಡ ಗುಲಾಮ' ಎಂದರೆ ಯಜಮಾನನ ಕಣ್ಣಿಂದ ನೋಡಿದಂತಾಗುತ್ತದೆ. 'ಗುಡ್ಡ ಸೇರಿದವನು' ಎನ್ನಿ.

ಈ ಪದದಲ್ಲಿ ಎಡವಿದರೆ ಇನ್ನೊಂದು ಎಳೆಯೂ ಕೈತಪ್ಪುತ್ತದೆ. ಹಳೆಯ ಫ್ರೆಂಚ್ ಛಂದಸ್ಸಿಗೆ ಮರಳಬೇಕೆಂಬ ಫ್ರೆಂಚ್ ಕವಿ ಲೂಯಿ ಅರಗೋನ್ ಅವರ ವಾದವನ್ನು ದೆಪೆಸ್ತ್ರ್ ಬೆಂಬಲಿಸಿದಾಗ, 1955ರಲ್ಲಿ ಕೆರಿಬಿಯನ್ ದ್ವೀಪ ಮಾರ್ತಿನಿಕ್‌ನ ಕವಿ ಎಮೆ ಸೆಜೇರ್ ಕವಿತೆಯಲ್ಲೇ ಉತ್ತರ ಕೊಟ್ಟರು. ಅಲ್ಲಿ 'ಮರೂನ್'ನ ಫ್ರೆಂಚ್ ರೂಪ 'ಮರೋನ್' ಕ್ರಿಯಾಪದವೇ ಆಯಿತು: ಆ ಛಂದಸ್ಸಿನಿಂದಲೂ ಓಡಿ ಗುಡ್ಡ ಸೇರೋಣ ಎಂಬ ಕರೆ. ಹಾಗಾಗಿ ದಯವಿಟ್ಟು ಅನುವಾದವನ್ನು ಷಟ್ಪದಿಯಲ್ಲಿ ಕೂರಿಸಬೇಡಿ. ಒಂದೇ ಪದ ಹಲವು ಸಾಲುಗಳ ಮೊದಲಲ್ಲಿ ಮರಳಿ ಬಂದರೆ ಅದೇ ಅಲ್ಲಿನ ಲಯ. ನಮ್ಮಲ್ಲಿ ಕ್ರಿಯಾಪದ ಕೊನೆಗೆ ಹೋಗುವುದರಿಂದ ಆ ಪೆಟ್ಟು ಚದುರುತ್ತದೆ. ಮೊದಲೋ ಕೊನೆಯೋ, ಒಂದು ಜಾಗ ಗೊತ್ತುಮಾಡಿ. ಪರ್ಯಾಯ ಪದ ಹುಡುಕಬೇಡಿ.

'ಖನಿಜ' ತೀರಾ ಸಡಿಲ. 'ಕಪ್ಪು ಅದಿರು' (1956) ಸಂಕಲನದ ಆ ಕವಿತೆಯಲ್ಲಿ, ಚಿನ್ನದ ಆಸೆಗೆ ದ್ವೀಪದ ಮೂಲನಿವಾಸಿಗಳ ರಕ್ತ ಬತ್ತಿದ ಮೇಲೆ ಆಫ್ರಿಕಾದ ಮೈಗಳನ್ನೇ ಗಣಿಯಂತೆ ಅಗೆಯುತ್ತಾರೆ. ಅದಿರು ಎಂದರೆ ಅಗೆದು, ಪುಡಿ ಮಾಡಿ, ಕುಲುಮೆಗೆ ಹಾಕುವಂಥದ್ದು. ಸಂಡೂರಿನ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇನ್ನು ದೇಶ ಬಿಟ್ಟ ಕಥೆ. ಹೈಟಿಯ ಝಾಕ್ಮೆಲ್‌ನಲ್ಲಿ 1926ರಲ್ಲಿ ಹುಟ್ಟಿದ ಅವರ ಮೊದಲ ಸಂಕಲನ 'ಕಿಡಿಗಳು' ಬಂದಾಗ ವಯಸ್ಸು 19. ಗೆಳೆಯರೊಡನೆ ನಡೆಸುತ್ತಿದ್ದ 'ಜೇನುಗೂಡು' ಪತ್ರಿಕೆ, ಅತಿವಾಸ್ತವವಾದಿ ಕವಿ ಆಂದ್ರೆ ಬ್ರೆತೋನ್ ಹೈಟಿಗೆ ಬಂದಾಗ ಅವರ ಗೌರವಕ್ಕೆ ವಿಶೇಷ ಸಂಚಿಕೆ ತಂದಿತು. ಸರ್ಕಾರ ಅದನ್ನು ಮುಟ್ಟುಗೋಲು ಹಾಕಿತು. 1946ರ ಜನವರಿಯಲ್ಲಿ ವಿದ್ಯಾರ್ಥಿಗಳು ಮುಷ್ಕರ ಹೂಡಿದರು, ಕೆಲವೇ ದಿನಗಳಲ್ಲಿ ಅಧ್ಯಕ್ಷ ಲೆಸ್ಕೊ ಉರುಳಿದರು. ಆದರೆ ಅಧಿಕಾರ ಸೇನೆಯ ಕೈಗೆ ಹೋಯಿತು. ಹೀಗಾಗಿ ದೆಪೆಸ್ತ್ರ್ ಅದೇ ವರ್ಷ ಪ್ಯಾರಿಸ್‌ಗೆ ಹೊರಟರು. ವಸಾಹತುಶಾಹಿಯ ವಿರುದ್ಧ ದನಿಯೆತ್ತಿದ್ದಕ್ಕೆ ಫ್ರಾನ್ಸ್ ಕೂಡ ಹೊರಹಾಕಿತು. ಪ್ರಾಗ್, ಚಿಲಿ, ಬ್ರೆಜಿಲ್ ಸುತ್ತಿ ತಾಯ್ನಾಡಿಗೆ ಮರಳಿದರೂ ಸರ್ವಾಧಿಕಾರಿ ದುವಾಲಿಯೇ ಅವರ ಆಡಳಿತದಲ್ಲಿ ಉಳಿಯಲಾಗಲಿಲ್ಲ. 1959ರಿಂದ 1978ರವರೆಗೆ ಕ್ಯೂಬಾ, ಆಮೇಲೆ ಮತ್ತೆ ಫ್ರಾನ್ಸ್. 1988ರಲ್ಲಿ ಫ್ರಾನ್ಸ್‌ನ ರೆನೊದೊ ಸಾಹಿತ್ಯ ಪ್ರಶಸ್ತಿ ತಂದುಕೊಟ್ಟ ಕಾದಂಬರಿಯ ಊರು ಮಾತ್ರ ಝಾಕ್ಮೆಲ್ಲೇ.

ಇಷ್ಟು ಅಲೆದವರು ತಮ್ಮನ್ನು ಕರೆದುಕೊಂಡದ್ದು 'ಆಲದ ಮನುಷ್ಯ' ಎಂದು. ಆ ಮಾತು ಎದುರಾದಾಗ ಬರಿದೇ 'ಬೇರು' ಎಂದು ಬರೆಯಬೇಡಿ. ಕೊಂಬೆಯಿಂದ ಇಳಿದು, ಹೊಸ ಮಣ್ಣು ಹಿಡಿದು, ಮತ್ತೊಂದು ಕಾಂಡವಾಗುವುದಕ್ಕೆ ನಮ್ಮಲ್ಲಿ 'ಬಿಳಲು' ಎಂಬ ಪದವೇ ಇದೆ.