ಓದುಗರ ಪ್ರಶ್ನೆ: ಚಿಟ್ಟೆ ಮತ್ತು ಸಗಣಿ ಹುಳು

ಪ್ರಶ್ನೆ: ಬೊರಿವಲಿಯ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದಲ್ಲಿ ಕಂಡ ಬ್ಲೂ ಮಾರ್ಮನ್ ಚಿಟ್ಟೆಯನ್ನೂ ಸಗಣಿ ಹುಳುವನ್ನೂ ಹೋಲಿಸಿ ನನ್ನ ಮಗಳು ಶಾಲೆಗೆ ಬರೆದೊಯ್ಯಬೇಕಾಗಿದೆ. ಚಿಟ್ಟೆಯ ಬಗ್ಗೆ ಪುಟಗಟ್ಟಲೆ ಬರೆದವಳು, ಹುಳು ‘ಸಗಣಿ ತಿನ್ನುತ್ತದೆ’ ಎಂದಷ್ಟೇ ಬರೆದು ನಿಲ್ಲಿಸಿದ್ದಾಳೆ. ಇವೆರಡರಲ್ಲಿ ಹೋಲಿಸುವಂಥದ್ದು ಏನಿದೆ? ಕಾಡಿಗೆ ಯಾವುದು ಹೆಚ್ಚು ಅಗತ್ಯ?
– ಓದುಗರು, ಡೊಂಬಿವಲಿ

ಉತ್ತರ: ಹೋಲಿಸುವುದಕ್ಕೆ ಬೇಕಾದಷ್ಟಿದೆ. ಮೊಟ್ಟೆ, ಮರಿಹುಳು, ಕೋಶ, ಪ್ರೌಢ ಕೀಟ ಎಂಬ ನಾಲ್ಕು ಅವಸ್ಥೆಗಳು ಎರಡಕ್ಕೂ ಸಮಾನ; ವ್ಯತ್ಯಾಸ ಎದ್ದು ಕಾಣುವುದು ತಾಯಿಯ ನಡವಳಿಕೆಯಲ್ಲಿ. 2015ರಲ್ಲಿ ಮಹಾರಾಷ್ಟ್ರದ ರಾಜ್ಯ ಚಿಟ್ಟೆಯೆಂದು ಘೋಷಿತವಾದ ಬ್ಲೂ ಮಾರ್ಮನ್, ನಿಂಬೆಯ ಕುಟುಂಬಕ್ಕೆ ಸೇರಿದ ಗಿಡಗಳ ಮೇಲೆ ಮೊಟ್ಟೆಯಿಟ್ಟು ಹಾರಿಹೋಗುತ್ತದೆ; ಮರಿಗೆ ತಕ್ಕ ಗಿಡವನ್ನು ಹುಡುಕುವುದಷ್ಟೇ ಅದರ ಆರೈಕೆ. ಸಗಣಿ ಹುಳುಗಳಲ್ಲಾದರೋ, ಅನೇಕ ಜಾತಿಗಳು ಸಗಣಿಯ ಅಡಿಯಲ್ಲೇ ಸುರಂಗ ತೋಡಿ, ಅದನ್ನು ಒಳಗೆಳೆದು ಉಂಡೆ ಕಟ್ಟಿ, ಒಂದೊಂದು ಉಂಡೆಯಲ್ಲಿ ಒಂದೇ ಮೊಟ್ಟೆ ಇಡುತ್ತವೆ. ಮರಿಹುಳು ಸುತ್ತಲಿನ ಗೋಡೆಯನ್ನೇ ಒಳಗಿನಿಂದ ತಿನ್ನುತ್ತ ಬೆಳೆದು, ಅಲ್ಲೇ ಕೋಶವಾಗುತ್ತದೆ. ನಾರನ್ನು ಅಗಿಯುವುದು ಈ ಮರಿಯೇ; ದೊಡ್ಡ ಹುಳು ಹೆಚ್ಚಾಗಿ ಸಗಣಿಯ ರಸವನ್ನೂ ಅದರಲ್ಲಿರುವ ಅತಿ ಸೂಕ್ಷ್ಮ ಕಣಗಳನ್ನೂ ಸೋಸಿಕೊಳ್ಳುತ್ತದೆ. ನಿಮ್ಮ ಮಗಳು ಬರೆದ ಆ ಒಂದು ವಾಕ್ಯವನ್ನು ಹೀಗೆ ವಿಸ್ತರಿಸಬಹುದು.

ಚಿಟ್ಟೆಗೂ ಸಗಣಿ ದೂರದ್ದಲ್ಲ. ಹೂವಿನ ಮಕರಂದದಲ್ಲಿ ಉಪ್ಪಿನಂಶ ಬಹಳ ಕಡಿಮೆ. ಆದ್ದರಿಂದ ಗಂಡು ಬ್ಲೂ ಮಾರ್ಮನ್ ಒದ್ದೆ ಮಣ್ಣಿನ ಮೇಲೆ ಕುಳಿತು ಸುರುಳಿ ನಾಲಿಗೆಯಿಂದ ಅದನ್ನು ಹೀರುತ್ತದೆ. ಉಷ್ಣವಲಯದ ಕಾಡಿನ ಹಲವು ಚಿಟ್ಟೆಗಳು ಇದೇ ಕಾರಣಕ್ಕೆ ಪ್ರಾಣಿಗಳ ಹಿಕ್ಕೆಯ ಮೇಲೂ ಇಳಿಯುತ್ತವೆ.

ಯಾವುದು ಹೆಚ್ಚು ಅಗತ್ಯ ಎಂಬ ಪ್ರಶ್ನೆಗೆ, ನನ್ನ ಒಲವು ಸ್ಪಷ್ಟವಾಗಿ ಸಗಣಿ ಹುಳುವಿನ ಕಡೆಗಿದೆ. ಚಿಟ್ಟೆ ಪರಾಗಸ್ಪರ್ಶಕ್ಕೆ ನೆರವಾಗುತ್ತದೆ, ನಿಜ. ಆದರೆ ಆ ಕೆಲಸಕ್ಕೆ ಜೇನ್ನೊಣಗಳೂ ಇವೆ. ಸಗಣಿ ಹುಳು ಗೊಬ್ಬರವನ್ನು ಬೇರಿನ ಬಳಿಗೆ ಒಯ್ಯುತ್ತದೆ, ನೆಲವನ್ನು ಸಡಿಲಗೊಳಿಸುತ್ತದೆ, ಹಣ್ಣು ತಿಂದ ಪ್ರಾಣಿಗಳ ಹಿಕ್ಕೆಯಲ್ಲಿರುವ ಬೀಜಗಳನ್ನು ಮಣ್ಣಿಗೆ ಸೇರಿಸುತ್ತದೆ. ಆಸ್ಟ್ರೇಲಿಯಾದ ಅನುಭವ ಇದಕ್ಕೆ ಸಾಕ್ಷಿ. ಕಾಂಗರೂಗಳ ಒಣ ಹಿಕ್ಕೆಗೆ ಹೊಂದಿಕೊಂಡಿದ್ದ ಅಲ್ಲಿನ ಹುಳುಗಳಿಗೆ, ಯುರೋಪಿಯನ್ನರು ತಂದ ದನಗಳ ಹಸಿ ಸಗಣಿಯನ್ನು ನಿಭಾಯಿಸಲಾಗದೆ, ಹುಲ್ಲುಗಾವಲುಗಳಲ್ಲಿ ಸಗಣಿ ಹಾಗೆಯೇ ಉಳಿದು ನೊಣಗಳು ಹೆಚ್ಚಿದವು. 1960ರ ದಶಕದ ಕೊನೆಯಿಂದ ಆಫ್ರಿಕಾ ಮತ್ತು ಯುರೋಪಿನ ಸಗಣಿ ಹುಳುಗಳನ್ನು ತಂದು ಬಿಡಬೇಕಾಯಿತು.

ಮಳೆಗಾಲದಲ್ಲಿ ಮಗಳೊಂದಿಗೆ ಉದ್ಯಾನಕ್ಕೆ ಮತ್ತೊಮ್ಮೆ ಹೋದರೆ, ಕಾಲುದಾರಿಯಲ್ಲಿ ಬಿದ್ದ ಸಗಣಿಯ ಪಕ್ಕದ ಹೊಸ ಮಣ್ಣಿನ ಗುಪ್ಪೆಗಳನ್ನು ಗಮನಿಸಿ. ಅವು ಅಡಿಯಲ್ಲಿ ಸುರಂಗ ತೋಡಿರುವುದರ ಗುರುತು ಆಗಿರಬಹುದು. ಅವನ್ನು ಕೆದಕದೆ, ಚಿತ್ರವನ್ನಷ್ಟೇ ಬರೆದುಕೊಳ್ಳಲಿ.