ಸಂಪಾದಕರ ಉತ್ತರ: ಮಿಸೌರಿ ದಂಡೆಯ ಬೇಸಾಯಗಾರರು

‘ಅಮೆರಿಕದ ನಾರ್ತ್ ಡಕೋಟಾದಲ್ಲಿ, ಮಿಸೌರಿ ನದಿಯ ದಂಡೆಯ ಮೂಲನಿವಾಸಿ ಬುಡಕಟ್ಟುಗಳಿಗೆ ಮ್ಯಾಂಡನ್, ಹಿಡಾಟ್ಸಾ, ಅರಿಕರಾ ಎಂದು ಮೂರು ಹೆಸರು, ಆಡಳಿತ ಮಾತ್ರ ಒಂದೇ. ಇವರದು ಒಂದೇ ಭಾಷೆಯೇ? ಅಥವಾ ಕುದುರೆ ಏರಿ ಅಲೆಯುವ ಬೇಟೆಗಾರರಾದ್ದರಿಂದ ಬೆರೆತುಹೋದರೇ?’ ಎಂದು ದಾವಣಗೆರೆಯ ಓದುಗರೊಬ್ಬರು ಕೇಳಿದ್ದಾರೆ.

ಎರಡೂ ಅಲ್ಲ, ಸ್ವಾಮಿ. ಮ್ಯಾಂಡನ್, ಹಿಡಾಟ್ಸಾ ಸೂ ಭಾಷಾ ಕುಟುಂಬಕ್ಕೆ ಸೇರಿದವು. ಆದರೂ ಒಂದನ್ನು ಬಲ್ಲವರಿಗೆ ಇನ್ನೊಂದು ಅರ್ಥವಾಗದು. ಅರಿಕರಾ ಭಾಷೆಯ ಕುಲವೇ ಬೇರೆ. ಸಾಲದ್ದಕ್ಕೆ ಅರಿಕರಾ, ಮ್ಯಾಂಡನ್ ಜನ ಹಿಂದೆ ತಮ್ಮತಮ್ಮಲ್ಲೇ ಕಾದಾಡಿದವರು.

ಅಲೆಮಾರಿಗಳೆಂಬುದು ಸಿನಿಮಾ ತಲೆಗೆ ತುಂಬಿದ ಚಿತ್ರ. ಇವರು ಬೈಸನ್ ಬೇಟೆ ಆಡುತ್ತಿದ್ದರು, ನಿಜ. ಆದರೆ ಬದುಕು ನಿಂತದ್ದು ಬೇಸಾಯದ ಮೇಲೆ. ಮಣ್ಣು ಹೊದಿಸಿದ ದುಂಡು ಮನೆಗಳು, ನದಿ ಬಯಲಿನ ಹೊಲಗಳು, ಎರಡೂ ಹೆಂಗಸರ ಸ್ವತ್ತು. ಬೈಸನ್‌ನ ಹೆಗಲ ಮೂಳೆಯೇ ಗುದ್ದಲಿ. ಹುಡುಗಿಯರು ಅಟ್ಟಣೆ ಮೇಲೆ ಕೂತು ಹಾಡುತ್ತ ಹಕ್ಕಿ ಕಾಯುತ್ತಿದ್ದರು. ಮುಖ್ಯ ಬೆಳೆ ಮೆಕ್ಕೆಜೋಳ; ಅದರ ಬಗ್ಗೆ ದಾವಣಗೆರೆಯವರಿಗೆ ನಾನೇನು ಹೇಳಲಿ! ಅವರ ಹಗೇವನ್ನು ಮಾತ್ರ ಹೇಳಲೇಬೇಕು. ಇಳಿಯಲು ಏಣಿ ಬೇಕಾಗುವಷ್ಟು ಆಳ. ಜಡೆ ಹೆಣೆದ ತೆನೆಗಳನ್ನು ಗೋಡೆಗುಂಟ ಪೇರಿಸಿ, ನಡುವೆ ಬಿಡಿ ಕಾಳು ಸುರಿದು, ತೇವ ತಾಗದಂತೆ ಒಣಗಿದ ಕುಂಬಳದ ಹೋಳಿನ ಸರವನ್ನು ಕಾಳಿನ ಒಡಲಲ್ಲಿ ಹುದುಗಿಸುತ್ತಿದ್ದರು. ಬಫಲೋ ಬರ್ಡ್ ವುಮನ್ ಎಂಬ ಹಿಡಾಟ್ಸಾ ಮಹಿಳೆ ಇದನ್ನೆಲ್ಲ ಬಿಡಿಸಿ ಹೇಳಿ ಬರೆಸಿದ್ದಾರೆ.

ಮೂವರನ್ನೂ ಒಂದೆಡೆ ತಂದದ್ದು ಸಿಡುಬು. 1781ರಲ್ಲಿ ಒಮ್ಮೆ ಬಡಿದಿತ್ತು. 1837ರಲ್ಲಿ ಉಗಿಹಡಗಿನಲ್ಲಿ ಮತ್ತೆ ಬಂತು. ಮ್ಯಾಂಡನ್ನರಲ್ಲಿ ಉಳಿದವರು ನೂರಿಪ್ಪತ್ತೈದರ ಆಸುಪಾಸು. ಮೇಲಿಂದ ಲಕೋಟಾ ಎಂಬ ಇನ್ನೊಂದು ಬುಡಕಟ್ಟಿನವರ ದಾಳಿ. 1845ರಲ್ಲಿ ಹಿಡಾಟ್ಸಾ, ಮ್ಯಾಂಡನ್ ಜನ ಸೇರಿ ಲೈಕ್-ಎ-ಫಿಶ್‌ಹುಕ್ ಎಂಬ ಹಳ್ಳಿ ಕಟ್ಟಿದರು, 1862ರಲ್ಲಿ ಅರಿಕರಾಗಳೂ ಬಂದು ಸೇರಿದರು. ಹಾಗೆಂದು ಕರಗಿ ಒಂದಾಗಲಿಲ್ಲ. ಆಚರಣೆ, ಭಾಷೆ ಅವರವರದೇ ಉಳಿಯಿತು. ನೀವು ಕೇಳಿದ ಒಂದೇ ಆಡಳಿತ ಈ ಬುಡಕಟ್ಟುಗಳ 1936ರ ಸಂವಿಧಾನದ್ದು.

ರೋಗಕ್ಕೂ ಜಗ್ಗದ ಒಕ್ಕಲುತನವನ್ನು ಮುರಿದದ್ದು ಮಿಸೌರಿಗೆ ಕಟ್ಟಿದ ಗ್ಯಾರಿಸನ್ ಅಣೆಕಟ್ಟು. 1948ರಲ್ಲಿ ಭೂಮಿ ಬಿಟ್ಟುಕೊಡುವ ಪತ್ರಕ್ಕೆ ಸಹಿ ಬೀಳುವಾಗ ಬುಡಕಟ್ಟು ಮಂಡಳಿಯ ಅಧ್ಯಕ್ಷ ಜಾರ್ಜ್ ಜಿಲೆಟ್ ಮುಖ ಮುಚ್ಚಿಕೊಂಡು ಅತ್ತ ಫೋಟೊ ಇದೆ. ಒಂದೂವರೆ ಲಕ್ಷ ಎಕರೆಗೂ ಹೆಚ್ಚು ನೆಲ ಹೋಯಿತು, ಎಲ್ಬೊವುಡ್ಸ್ ಪಟ್ಟಣ ಮುಳುಗಿತು, ಜನ ಗಾಳಿ ಬೀಸುವ ಒಣ ದಿಣ್ಣೆ ಹತ್ತಿದರು. ಹೆಚ್ಚುವರಿ ಪರಿಹಾರ ಮಂಜೂರಾದದ್ದು 1992ರಲ್ಲಿ. ಆ ಜಲಾಶಯಕ್ಕಿಟ್ಟದ್ದು ಸಕಕವೀಯಾ ಎಂಬ ಹೆಸರು; ಅಮೆರಿಕದ ಪಶ್ಚಿಮವನ್ನು ಅನ್ವೇಷಿಸಲು ಹೊರಟ ಲೂಯಿಸ್ ಮತ್ತು ಕ್ಲಾರ್ಕ್ ತಂಡಕ್ಕೆ ಹಿಡಾಟ್ಸಾ ಹಳ್ಳಿಯಿಂದ ಜೊತೆಯಾಗಿ ಹೋದ ಹೆಣ್ಣುಮಗಳು ಆಕೆ. ಹೊಲ ಮುಳುಗಿಸಿ ಕೊಟ್ಟ ಈ ಮರ್ಯಾದೆ ನನಗಂತೂ ಒಗ್ಗದು.