ಫುಟ್‌ಬಾಲ್: ಎದುರಾಳಿಯ ಕಾರ್ನರ್‌ಗೆ ನಮ್ಮ ಹನ್ನೊಂದು ಜನರನ್ನು ಎಲ್ಲೆಲ್ಲಿ ನಿಲ್ಲಿಸೋದು

ಸರ್, ನಿಮ್ಮ ಅಂಡರ್-17 ಹುಡುಗರು ಎರಡು ಮ್ಯಾಚಲ್ಲಿ ಕಾರ್ನರ್‌ನಿಂದಲೇ ಮೂರು ಗೋಲು ಹೊಡೆಸಿಕೊಂಡಿದ್ದಾರೆ, ಮ್ಯಾನ್ ಮಾರ್ಕಿಂಗ್ (ಒಬ್ಬೊಬ್ಬ ಎದುರಾಳಿಯ ಹಿಂದೆ ನಮ್ಮ ಒಬ್ಬೊಬ್ಬ) ಬಿಟ್ಟು ಜೋನ್‌ಗೆ (ಒಬ್ಬೊಬ್ಬ ಒಂದೊಂದು ಜಾಗ ಕಾಯೋದು) ಹೋಗಬೇಕಾ ಅಂತ ಕೇಳಿದ್ದೀರಿ. ನೀವು ಬರೆದಿರೋ ವಿವರ ನೋಡಿದರೆ ಮೂರೂ ಬೇರೆ ಬೇರೆ ತಪ್ಪುಗಳು. ಮೊದಲನೆಯದು ನಿಯರ್ ಪೋಸ್ಟ್ (ಕಾರ್ನರ್‌ಗೆ ಹತ್ತಿರದ ಗೋಲ್ ಕಂಬ) ಮುಂದಕ್ಕೆ ಓಡಿಬಂದವನ ಹೆಡರ್. ಎರಡನೆಯದು ನಿಮ್ಮವರೇ ಕ್ಲಿಯರ್ ಮಾಡಿದ ಚೆಂಡು ಡಿ (ಪೆನಾಲ್ಟಿ ಬಾಕ್ಸ್ ಅಂಚಿನ ಕಮಾನು) ಹತ್ತಿರ ಬಿದ್ದು ಅಲ್ಲಿಂದ ಬಂದ ಶಾಟ್. ಮೂರನೆಯದು ಶಾರ್ಟ್ ಕಾರ್ನರ್, ಅಂದರೆ ಚೆಂಡನ್ನು ಗೋಲಿನ ಮುಂದೆ ಹಾಕದೆ ಹತ್ತಿರದವನಿಗೆ ಪಾಸ್ ಕೊಡೋದು. ಬರೀ ಜೋನ್‌ಗೆ ಬದಲಾಯಿಸಿದರೆ ಮೊದಲನೆಯದು ಸರಿಹೋಗಬಹುದು, ಉಳಿದ ಎರಡು ಹಾಗೇ ಉಳಿಯುತ್ತವೆ.

ನನ್ನ ಸಲಹೆ ಎರಡನ್ನೂ ಸೇರಿಸಿ ಆಡಿಸಿ ಅನ್ನೋದು. ಸಿಕ್ಸ್ ಯಾರ್ಡ್ ಬಾಕ್ಸ್ (ಗೋಲಿಗೆ ಅಂಟಿದ ಚಿಕ್ಕ ಬಾಕ್ಸ್) ಮುಂದಿನ ಜಾಗವನ್ನು ಜೋನ್‌ನಲ್ಲಿ ಕಾಯಿರಿ, ಎದುರಾಳಿಯ ಒಳ್ಳೆ ಹೆಡರ್‌ಗಳ (ತಲೆಯಿಂದ ಚೆನ್ನಾಗಿ ಹೊಡೆಯೋರ) ಓಟವನ್ನು ಮೂವರು ತಡೆಯಲಿ, ಹೊರಗೆ ಬೀಳೋ ಚೆಂಡಿಗೆ ಮೊದಲೇ ಜನ ಇರಲಿ. ಯಾಕೆ ಅಂತ ಹೇಳ್ತೀನಿ.

2018ರ ಮಾರ್ಚ್ 17ರಂದು ಕಂಠೀರವ ಸ್ಟೇಡಿಯಂನಲ್ಲಿ ನಡೆದ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಫೈನಲ್ ಇಲ್ಲಿ ಬಹಳ ಜನ ನೋಡಿರ್ತೀರಿ. ಛೇಟ್ರಿ 9ನೇ ನಿಮಿಷದಲ್ಲೇ ಗೋಲು ಹೊಡೆದು ಬೆಂಗಳೂರು ಮುಂದಿತ್ತು. ಆಮೇಲೆ ಚೆನ್ನೈಯಿನ್‌ನ ಗ್ರೆಗರಿ ನೆಲ್ಸನ್ ಹಾಕಿದ ಕಾರ್ನರ್‌ಗಳಿಗೆ ಮೈಲ್ಸನ್ ಆಲ್ವೆಸ್ ಎರಡು ಸಲ ತಲೆ ಕೊಟ್ಟ. ಮ್ಯಾಚ್ 3-2ಕ್ಕೆ ಕೈತಪ್ಪಿತು. ಮರುವರ್ಷ ಮುಂಬೈ ಫೈನಲ್‌ನಲ್ಲಿ ಗೋವಾ ವಿರುದ್ಧ ಅದೇ ಬೆಂಗಳೂರು ಎಕ್ಸ್‌ಟ್ರಾ ಟೈಮ್ ಮುಗಿಯೋ ಹೊತ್ತಿಗೆ ಡಿಮಾಸ್ ಡೆಲ್ಗಾಡೊ ಕಾರ್ನರ್, ರಾಹುಲ್ ಭೇಕೆ ಹೆಡರ್‌ನಿಂದ 1-0 ಗೆದ್ದಿತು. ಎರಡು ಫೈನಲ್‌ಗಳ ಹಣೆಬರಹ ಬರೆದದ್ದು ಕಾರ್ನರ್. ಹಾಗಾಗಿ ಪ್ರಾಕ್ಟೀಸ್‌ನಲ್ಲಿ ಇದಕ್ಕೆ ವಾರಕ್ಕೆ ಒಂದು ಗಂಟೆ ಕೊಟ್ಟರೂ ಜಾಸ್ತಿ ಆಗಲ್ಲ.

ಮ್ಯಾನ್ ಮಾರ್ಕಿಂಗ್ ಎಲ್ಲಿ ಕೆಡುತ್ತೆ? ನಿಮ್ಮ ಹುಡುಗ ಎದುರಾಳಿಯನ್ನೂ ನೋಡಬೇಕು, ಚೆಂಡನ್ನೂ ನೋಡಬೇಕು. ಅವನು ಚೆಂಡಿನ ಕಡೆ ತಿರುಗಿದ ಅರೆಕ್ಷಣದಲ್ಲಿ ಎದುರಾಳಿ ಓಟ ಶುರು ಮಾಡ್ತಾನೆ. ಅದರ ಮೇಲೆ ಎದುರಾಳಿಗಳು ಪೆನಾಲ್ಟಿ ಸ್ಪಾಟ್ ಹತ್ತಿರ ನಾಲ್ಕೈದು ಜನ ಗುಂಪಾಗಿ ನಿಂತು ಒಂದೇ ಸಲ ಚದುರಿದರೆ ಮಾರ್ಕ್ ಮಾಡೋರು ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುತ್ತಾರೆ. 2018ರ ವರ್ಲ್ಡ್ ಕಪ್‌ನಲ್ಲಿ ಇಂಗ್ಲೆಂಡ್ ಸಾಲಾಗಿ ರೈಲಿನ ಹಾಗೆ ನಿಲ್ಲುತ್ತಿದ್ದದ್ದು ಇದಕ್ಕೇ. ಇನ್ನು ಬರೀ ಜೋನ್ ಇಟ್ಟರೆ ಬೇರೆ ತೊಂದರೆ. ನಿಂತಲ್ಲಿಂದ ಹಾರೋ ಹುಡುಗನಿಗಿಂತ ಐದಾರು ಹೆಜ್ಜೆ ಓಡಿಬಂದು ಹಾರೋನು ಮೇಲೆ ಹೋಗ್ತಾನೆ, ಎತ್ತರ ಒಂದೇ ಇದ್ದರೂ ಸಹ. ಅದಕ್ಕೇ ಓಟ ಮುರಿಯೋಕೆ ಜನ ಬೇಕು.

ಈಗ ನಿಲ್ಲಿಸೋ ಜಾಗ. ಕಾರ್ನರ್ ನಮ್ಮ ಕೀಪರ್‌ನ ಬಲಗಡೆಯಿಂದ ಬರ್ತಿದೆ ಅಂದುಕೊಳ್ಳಿ.

ಮೊದಲನೆಯವನು ಸಿಕ್ಸ್ ಯಾರ್ಡ್ ಬಾಕ್ಸ್‌ನ ಚೆಂಡಿನ ಕಡೆಯ ಮೂಲೆಯಲ್ಲಿ, ಗೆರೆಯಿಂದ ಒಂದು ಹೆಜ್ಜೆ ಹೊರಗೆ. ಇವನು ಎತ್ತರ ಇರಬೇಕಾಗಿಲ್ಲ, ಧೈರ್ಯ ಇರಬೇಕು. ಎದೆಮಟ್ಟಕ್ಕಿಂತ ಕೆಳಗೆ ಬರೋ ಪ್ರತಿ ಚೆಂಡೂ ಇವನದೇ. ಕೆಟ್ಟದಾಗಿ ಹೊಡೆದ ಕಾರ್ನರ್‌ನಿಂದ ಗೋಲು ಆಗೋದು ಈ ಜಾಗ ಖಾಲಿ ಇದ್ದಾಗ. ಅವನ ಹಿಂದೆ 5.5 ಮೀಟರ್‌ನ ಸಿಕ್ಸ್ ಯಾರ್ಡ್ ಗೆರೆಯ ಮೇಲೆ ನಿಮ್ಮ ಅತ್ಯುತ್ತಮ ಮೂರು ಹೆಡರ್‌ಗಳು: ಒಬ್ಬ ನಿಯರ್ ಪೋಸ್ಟ್‌ನ ನೇರಕ್ಕೆ, ಒಬ್ಬ ಗೋಲಿನ ನಡುವಿನ ನೇರಕ್ಕೆ, ಒಬ್ಬ ಫಾರ್ ಪೋಸ್ಟ್ ನೇರಕ್ಕೆ. ಗೋಲಿನ ಅಗಲ 7.32 ಮೀಟರ್, ಅಂದರೆ ಇವರ ನಡುವಿನ ಅಂತರ ಮೂರೂವರೆ ಮೀಟರ್ ಮೇಲೆ ಸ್ವಲ್ಪ. ಮೂವರಲ್ಲಿ ಎಲ್ಲರಿಗಿಂತ ಚೆನ್ನಾಗಿ ಹಾರೋನು ನಡುವೆ. ಸಾಮಾನ್ಯವಾಗಿ ಕೋಚ್‌ಗಳು ಅವನನ್ನು ನಿಯರ್ ಪೋಸ್ಟ್‌ಗೆ ಹಾಕ್ತಾರೆ. ಅಂಡರ್-17ನಲ್ಲಿ ನಡುವೆ ಇದ್ದರೆ ಅವನು ಎರಡೂ ಕಡೆಗೆ ಒಂದೊಂದು ಹೆಜ್ಜೆ ಹೋಗಿ ಉಳಿದವರ ತಪ್ಪು ಮುಚ್ಚಬಹುದು.

ಈ ಮೂವರ ಪಾದ ಮತ್ತು ಸೊಂಟ ಗಮನಿಸಿ. ಪೂರ್ತಿ ಚೆಂಡಿನ ಕಡೆ ತಿರುಗಿ ನಿಂತರೆ ಹಿಂದಿನಿಂದ ಬರೋನು ಕಾಣಲ್ಲ. ಅರ್ಧ ಚೆಂಡಿಗೆ, ಅರ್ಧ ಮೈದಾನಕ್ಕೆ ತೆರೆದು, ಒಂದು ಕಾಲು ಮುಂದಿಟ್ಟು, ಹಿಮ್ಮಡಿ ನೆಲ ಬಿಟ್ಟಿರಬೇಕು. ಚೆಂಡು ಮುಟ್ಟಬೇಕಾದ ಜಾಗಕ್ಕಿಂತ ಅರ್ಧ ಹೆಜ್ಜೆ ಹಿಂದೆ ನಿಲ್ಲಲಿ, ಮುಂದೆ ಹೋಗ್ತಾ ಹಾರಲಿ. ಹಿಂದಕ್ಕೆ ಹೋಗ್ತಾ ಹಾರಿದ ಹೆಡರ್‌ಗೆ ಬಲ ಇರಲ್ಲ, ಅದು ಮೇಲಕ್ಕೆದ್ದು ಮತ್ತೆ ಬಾಕ್ಸ್ ಒಳಗೇ ಬೀಳುತ್ತೆ.

ಆಮೇಲೆ ಮೂವರು ತಡೆಯೋರು, ಸಿಕ್ಸ್ ಯಾರ್ಡ್ ಗೆರೆಗೂ 11 ಮೀಟರ್‌ನ ಪೆನಾಲ್ಟಿ ಸ್ಪಾಟ್‌ಗೂ ನಡುವೆ. ಎದುರಾಳಿಯ ಮೂರು ಅಪಾಯಕಾರಿ ಹೆಡರ್‌ಗಳು ಇವರ ಪಾಲು. ಚೆಂಡು ಗೆಲ್ಲಲೇಬೇಕು ಅಂತ ಇವರಿಗೆ ಹೇಳಬೇಡಿ. ಎದುರಾಳಿ ಓಡೋ ದಾರಿಯಲ್ಲಿ ಮೊದಲೇ ನಿಂತು, ಅವನು ಸುತ್ತಿಕೊಂಡು ಹೋಗೋ ಹಾಗೆ ಮಾಡಿದರೆ ಸಾಕು. ಎರಡು ಹೆಜ್ಜೆ ತಡವಾದರೂ ಅವನ ಹಾರಾಟ ಹಾಳಾಗುತ್ತೆ, ಜೋನ್‌ನಲ್ಲಿ ಇರೋನಿಗೆ ಚೆಂಡು ಸುಲಭವಾಗುತ್ತೆ. ಮೂವರೂ ಒಂದೇ ಗೆರೆಯಲ್ಲಿ ನಿಂತರೆ ಒಬ್ಬರ ಮೇಲೊಬ್ಬರು ಬೀಳ್ತಾರೆ, ಅದಕ್ಕೆ ಹೆಜ್ಜೆ ಹಿಂದೆ ಮುಂದೆ ನಿಲ್ಲಿಸಿ.

ಕೈ ಹಾಕೋ ವಿಷಯ ಹುಡುಗರಿಗೆ ಖಡಾಖಂಡಿತ ಹೇಳಿಬಿಡಿ. ಚೆಂಡು ಆಟಕ್ಕೆ ಬರೋ ಮುಂಚೆ ಎಳೆದಾಡಿದರೆ ರೆಫರಿ ಎಚ್ಚರಿಕೆ ಕೊಡಬಹುದು, ಕಾರ್ಡ್ ತೋರಿಸಬಹುದು, ಪೆನಾಲ್ಟಿ ಕೊಡೋಕೆ ಬರಲ್ಲ. ಕಿಕ್ ಆದ ಮರುಕ್ಷಣ ಅದೇ ಜರ್ಸಿ ಹಿಡಿತ ಪೆನಾಲ್ಟಿ. ಎದೆ ಮತ್ತು ಭುಜದಿಂದ ಜಾಗ ಹಿಡಿಯಲಿ, ಬೆರಳುಗಳು ಬಟ್ಟೆಗೆ ತಾಗದಿರಲಿ. ಮೈದಾನದಲ್ಲಿ ತಾನು ನಿಂತ ಜಾಗ ಪ್ರತಿ ಆಟಗಾರನ ಹಕ್ಕು. ಸರಿದು ಬಂದು ಇನ್ನೊಬ್ಬನ ದಾರಿಗೆ ಅಡ್ಡ ಬಿದ್ದರೆ ಫೌಲ್. ಅದಕ್ಕೇ "ಮೊದಲೇ ನಿಂತು" ಅಂದದ್ದು.

ಒಟ್ಟು ಕೀಪರ್ ಸೇರಿ ಎಂಟು ಜನ ಆದರು. ಒಂಬತ್ತನೆಯವನು ಡಿ ತುದಿಯಲ್ಲಿ. ಹತ್ತನೆಯವನು ಕಾರ್ನರ್ ಹೊಡೆಯೋನಿಗೂ ಬಾಕ್ಸ್‌ಗೂ ನಡುವೆ, ಕಾರ್ನರ್ ಆರ್ಕ್‌ನಿಂದ ನಿಯಮದ 9.15 ಮೀಟರ್ ಬಿಟ್ಟು. ಹನ್ನೊಂದನೆಯವನು, ನಿಮ್ಮ ವೇಗದ ಹುಡುಗ, ಮುಂದೆ. ಅವನೊಬ್ಬ ಹಾಫ್‌ವೇ ಕಡೆ ನಿಂತರೆ ಎದುರಾಳಿ ಸಾಮಾನ್ಯವಾಗಿ ಇಬ್ಬರನ್ನು ಹಿಂದೆ ಬಿಡ್ತಾರೆ. ಬಾಕ್ಸ್‌ನಲ್ಲಿ ಒಬ್ಬ ತಲೆ ಕಮ್ಮಿ ಆಯ್ತಲ್ಲ, ಅದೇ ಲಾಭ.

ಪೋಸ್ಟ್‌ಗೆ ಅಂಟಿ ನಿಲ್ಲೋ ಹುಡುಗ ಬೇಕಾ? ಕೀಪರ್ ಎತ್ತರ ಕಮ್ಮಿ ಇದ್ದು, ಎದುರಾಳಿ ಗೋಲಿನ ಕಡೆ ತಿರುಗೋ ಚೆಂಡು ಹಾಕ್ತಿದ್ದರೆ ಮಾತ್ರ, ಅದೂ ನಿಯರ್ ಪೋಸ್ಟ್‌ಗೆ ಮಾತ್ರ. ಮುಂದಿದ್ದ ಹನ್ನೊಂದನೆಯವನನ್ನೇ ಕರೆಸಿಕೊಳ್ಳಿ, ಜೋನ್‌ನಿಂದ ಒಬ್ಬನನ್ನು ಕೀಳಬೇಡಿ. ಚೆಂಡು ಬಾಕ್ಸ್‌ನಿಂದ ಹೊರಗೆ ಹೋದ ತಕ್ಷಣ ಅವನು ಗೆರೆ ಬಿಟ್ಟು ಓಡಬೇಕು. ಅವನು ಅಲ್ಲೇ ಉಳಿದರೆ ಎದುರಾಳಿ ಪೂರ್ತಿ ತಂಡವನ್ನು ಆನ್‌ಸೈಡ್ ಮಾಡಿಬಿಡ್ತಾನೆ, ಅಂದರೆ ಅವರು ಗೋಲಿನ ಹತ್ತಿರ ನಿಂತಿದ್ದರೂ ಆಫ್‌ಸೈಡ್ ಸಿಗಲ್ಲ.

ಚೆಂಡು ಒಳಗೆ ತಿರುಗುತ್ತೋ ಹೊರಗೋ ಅನ್ನೋದು ಹೊಡೆಯೋನ ಕಾಲು ನೋಡಿದರೆ ಗೊತ್ತಾಗುತ್ತೆ. ನಮ್ಮ ಕೀಪರ್‌ನ ಬಲಗಡೆ ಮೂಲೆಯಿಂದ ಬಲಗಾಲಿನವನು ಹೊಡೆದರೆ ಒಳಕ್ಕೆ, ಎಡಗಾಲಿನವನು ಹೊಡೆದರೆ ಹೊರಕ್ಕೆ. ಇದನ್ನು ಜೋರಾಗಿ ಕೂಗಿ ಹೇಳೋ ಕೆಲಸ ಒಬ್ಬನಿಗೆ ವಹಿಸಿ. "ಒಳಗೆ" ಅಂದರೆ ಜೋನ್ ಸಾಲು ಅರ್ಧ ಹೆಜ್ಜೆ ಗೋಲಿನ ಕಡೆ, "ಹೊರಗೆ" ಅಂದರೆ ಒಂದೆರಡು ಹೆಜ್ಜೆ ಮುಂದೆ. ಹೊರಕ್ಕೆ ತಿರುಗೋ ಚೆಂಡಿಗೆ ಸಿಕ್ಸ್ ಯಾರ್ಡ್ ಗೆರೆಯಲ್ಲೇ ಕೂತರೆ ಎದುರಾಳಿ ಪೆನಾಲ್ಟಿ ಸ್ಪಾಟ್ ಹತ್ತಿರ ಆರಾಮಾಗಿ ತಲೆ ಕೊಡ್ತಾನೆ.

ಕೀಪರ್ ಗೋಲಿನ ನಡುವಿಗಿಂತ ಚೂರು ಹಿಂದೆ, ಅಂದರೆ ಫಾರ್ ಪೋಸ್ಟ್ ಕಡೆ, ಗೆರೆಯಿಂದ ಒಂದು ಮೀಟರ್ ಮುಂದೆ ನಿಲ್ಲಲಿ. ಮುಂದಕ್ಕೆ ಓಡೋದು ಸುಲಭ, ಹಿಂದಕ್ಕೆ ಓಡ್ತಾ ಹಿಡಿಯೋದು ಕಷ್ಟ. ಈಗ ಆರ್ಸೆನಲ್ ಥರ ಕೀಪರ್ ಸುತ್ತ ಮೂರ್ನಾಲ್ಕು ಜನ ತುಂಬೋದು ನಮ್ಮ ಲೀಗ್‌ಗಳಿಗೂ ಬಂದಿದೆ. ಹಾಗಾದಾಗ ತಡೆಯೋರಲ್ಲಿ ಒಬ್ಬನನ್ನು ಕೀಪರ್ ಮುಂದೆ ಇಡಿ, ಕೀಪರ್‌ಗೂ ಎದುರಾಳಿಗೂ ನಡುವೆ. ಮಾತು ಎರಡೇ ಇರಲಿ. "ಕೀಪರ್" ಅಂದರೆ ಎಲ್ಲರೂ ಬಿಡಬೇಕು, "ಕ್ಲಿಯರ್" ಅಂದರೆ ಕೀಪರ್ ಗೋಲಲ್ಲೇ ಇರ್ತಾನೆ. ಕೂಗಿದ ಮೇಲೆ ಮನಸ್ಸು ಬದಲಾಯಿಸೋ ಹಾಗಿಲ್ಲ. ಮಳೆಗಾಲದಲ್ಲಿ, ಗೋಲಿನ ಮುಂದೆ ಹುಲ್ಲು ಸವೆದು ಕೆಸರಾಗಿದ್ದರೆ, ಹಿಡಿಯೋ ಆಸೆ ಬಿಟ್ಟು ಎರಡೂ ಮುಷ್ಟಿಯಿಂದ ಸೈಡ್‌ಲೈನ್ ಕಡೆಗೆ ಗುದ್ದಲಿ.

ಒಂದು ಹೊಸ ನಿಯಮ ನೆನಪಿರಲಿ. 2025ರ ಜುಲೈ 1ರಿಂದ ಕೀಪರ್ ಚೆಂಡನ್ನು ಕೈಯಲ್ಲಿ 8 ಸೆಕೆಂಡಿಗಿಂತ ಹೆಚ್ಚು ಹಿಡಿದರೆ ಎದುರಾಳಿಗೆ ಕಾರ್ನರ್. ಕೊನೆಯ 5 ಸೆಕೆಂಡ್ ರೆಫರಿ ಕೈಯೆತ್ತಿ ಎಣಿಸ್ತಾರೆ. ಒಂದು ಕಾರ್ನರ್ ಹಿಡಿದು ಚೆಂಡಿನ ಮೇಲೆ ಮಲಗಿ ಇನ್ನೊಂದು ಕಾರ್ನರ್ ಕೊಡೋದು ಬೇಡ.

ನಿಮ್ಮ ಮೂರನೇ ಗೋಲು, ಶಾರ್ಟ್ ಕಾರ್ನರ್. ಅಲ್ಲಿ ಎದುರಾಳಿ ಇಬ್ಬರಿದ್ದರೆ ನಮ್ಮವರೂ ಇಬ್ಬರು ಹೋಗಬೇಕು, ಇದರಲ್ಲಿ ಚೌಕಾಸಿ ಇಲ್ಲ. ಹತ್ತನೆಯವನು ಮೊದಲು, ಒಂಬತ್ತನೆಯವನು ಹಿಂದೆ, ಡಿ ಜಾಗಕ್ಕೆ ಹನ್ನೊಂದನೆಯವನು ಇಳಿದು ಬರಲಿ. ಚೆಂಡು ಹಿಂದಕ್ಕೆ ಪಾಸ್ ಆದ ಕ್ಷಣ ಜೋನ್ ಸಾಲು ನಾಲ್ಕೈದು ಹೆಜ್ಜೆ ಮುಂದೆ ಬರಬೇಕು. ಕಾರ್ನರ್ ಕಿಕ್‌ನಿಂದ ನೇರವಾಗಿ ಬಂದ ಚೆಂಡಿಗೆ ಆಫ್‌ಸೈಡ್ ಇಲ್ಲ, ಎರಡನೇ ಪಾಸ್‌ಗೆ ಇದೆ. ಕಾರ್ನರ್ ಹೊಡೆದವನು ಇನ್ನೂ ಗೋಲ್‌ಲೈನ್ ಹತ್ತಿರವೇ ಇರ್ತಾನೆ, ನಮ್ಮ ಸಾಲು ಮುಂದೆ ಬಂದಿದ್ದರೆ ಅವನಿಗೆ ವಾಪಸ್ ಬಂದ ಪಾಸ್ ಎಷ್ಟೋ ಸಲ ಆಫ್‌ಸೈಡ್. ಇನ್ನೊಂದು, ಚೆಂಡು ಆರ್ಕ್‌ನಲ್ಲಿ ಇಟ್ಟ ಕ್ಷಣದಿಂದ ಒಬ್ಬನ ಕಣ್ಣಾದರೂ ಅದರ ಮೇಲೆ ಇರಲೇಬೇಕು. 2019ರಲ್ಲಿ ಲಿವರ್‌ಪೂಲ್‌ನ ಮೈದಾನ ಆ್ಯನ್‌ಫೀಲ್ಡ್‌ನಲ್ಲಿ ಬಾರ್ಸಿಲೋನಾದವರು ತಮ್ಮ ಜಾಗ ಹುಡುಕ್ತಾ ಇದ್ದಾಗ ಅಲೆಕ್ಸಾಂಡರ್-ಆರ್ನಾಲ್ಡ್ ಚೆಂಡು ಬಿಟ್ಟು ಹೊರಟವನ ಹಾಗೆ ಎರಡು ಹೆಜ್ಜೆ ಇಟ್ಟು, ತಿರುಗಿ ಬಂದು ಹೊಡೆದ. ಒರಿಗಿ ಗೋಲು ಹಾಕೋವರೆಗೂ ಅರ್ಧ ಡಿಫೆನ್ಸ್‌ಗೆ ಗೊತ್ತೇ ಇರಲಿಲ್ಲ. ಆ ಮ್ಯಾಚ್ ಲಿವರ್‌ಪೂಲ್‌ಗೆ 4-0.

ಸೆಕೆಂಡ್ ಬಾಲ್, ಅಂದರೆ ಮೊದಲ ಹೆಡರ್ ಆದ ಮೇಲೆ ಬೀಳೋ ಚೆಂಡಿನ ಬಗ್ಗೆ ಸ್ವಲ್ಪ ಜಾಸ್ತಿ ಬರೀತೀನಿ, ಯಾಕಂದರೆ ಹುಡುಗರ ಮ್ಯಾಚಲ್ಲಿ ಅತಿ ಹೆಚ್ಚು ಎಡವೋದು ಇಲ್ಲಿ. ಮೊದಲ ಹೆಡರ್ ಗೆದ್ದ ಕೂಡಲೇ ಎಲ್ಲರೂ ನಿಂತುಬಿಡ್ತಾರೆ. 1999ರ ಚಾಂಪಿಯನ್ಸ್ ಲೀಗ್ ಫೈನಲ್ ನೋಡಿ: ಮ್ಯಾಂಚೆಸ್ಟರ್ ಯುನೈಟೆಡ್‌ನ ಬೆಕಮ್ ಕಾರ್ನರ್, ಬೈರ್ನ್‌ನ ಕ್ಲಿಯರೆನ್ಸ್ ಸರಿಯಾಗಿ ತಾಗಲಿಲ್ಲ, ಚೆಂಡು ಬಾಕ್ಸ್ ಅಂಚಿನ ಗಿಗ್ಸ್ ಕಾಲಿಗೆ ಹೋಯ್ತು, ಅವನ ಹೊಡೆತವನ್ನು ಶೆರಿಂಗ್‌ಹ್ಯಾಮ್ ಒಳಗೆ ತಿರುಗಿಸಿದ. ಪ್ರತಿ ಹೆಡರ್‌ನಲ್ಲೂ ಮೂರು ಗುಣ ಇರಬೇಕು ಅಂತ ಕಲಿಸಿ: ಎತ್ತರ, ದೂರ, ಅಗಲ (ಸೈಡಿನ ಕಡೆ). ಗೋಲಿನ ಎದುರಿಗೆ ನೇರವಾಗಿ ಡಿ ಕಡೆ ಹೊಡೆದ ಹೆಡರ್ ಎದುರಾಳಿಗೆ ಕೊಟ್ಟ ಪಾಸ್. ಚೆಂಡು ಬಂದ ಕಡೆಗೇ ವಾಪಸ್ ಹೋಗಲಿ, ಇಲ್ಲವೇ ತಾಗಿಸಿ ಆ ಕಡೆ ಸೈಡ್‌ಗೆ ಹೋಗಲಿ.

ಚೆಂಡು ಹೊರಗೆ ಹೋದ ತಕ್ಷಣ ಒಂಬತ್ತನೆಯವನು ಅದರ ಮೇಲೆ ಬೀಳಬೇಕು, ಉಳಿದವರೆಲ್ಲ ಪೆನಾಲ್ಟಿ ಸ್ಪಾಟ್ ದಾಟೋವರೆಗೆ ಹೊರಗೆ ಓಡಬೇಕು. ಎಲ್ಲಿ ನಿಲ್ಲೋದು? ಎದುರಾಳಿ ಗೋಲಿಗೆ ಬೆನ್ನು ಹಾಕಿದ್ದರೆ ಅಥವಾ ಅವನ ಮೇಲೆ ನಮ್ಮವನು ಒತ್ತಡ ಹಾಕಿದ್ದರೆ ಓಡ್ತಾನೇ ಇರಿ. ಅವನು ತಲೆಯೆತ್ತಿ, ಕಾಲಲ್ಲಿ ಚೆಂಡು ಹಿಡಿದು, ಎದುರಿಗೆ ಯಾರೂ ಇಲ್ಲದೆ ನಿಂತಿದ್ದರೆ ಅಲ್ಲೇ ನಿಲ್ಲಿ. ಆಗ ಇನ್ನೂ ಓಡಿದರೆ ಹಿಂದಿನಿಂದ ಹೊಸದಾಗಿ ಓಡಿಬರೋನು ಆನ್‌ಸೈಡ್‌ನಲ್ಲೇ ನಮ್ಮನ್ನು ದಾಟಿ ಹೋಗ್ತಾನೆ.

ಕೀಪರ್ ಕೈಗೆ ಚೆಂಡು ಸಿಕ್ಕರೆ ಅದೇ ನಿಮ್ಮ ಅವಕಾಶ. 2018ರ ವರ್ಲ್ಡ್ ಕಪ್‌ನಲ್ಲಿ ಜಪಾನ್ ಹಾಕಿದ ಕೊನೇ ಗಳಿಗೆಯ ಕಾರ್ನರ್ ಹಿಡಿದ ಬೆಲ್ಜಿಯಂ ಕೀಪರ್ ಕೂರ್ಟ್ವಾ ಚೆಂಡನ್ನು ನೆಲದ ಮೇಲೆ ಡಿ ಬ್ರೂಯ್ನೆಗೆ ಉರುಳಿಸಿದ. ಅಲ್ಲಿಂದ ಮ್ಯೂನಿಯೆ, ಲುಕಾಕು ಕಾಲು ತೆರೆದು ಬಿಟ್ಟ, ಶಾಡ್ಲಿ ಗೋಲು. ಬೆಲ್ಜಿಯಂ 3-2. ನಿಮ್ಮ ಹುಡುಗರಲ್ಲಿ ಅಷ್ಟು ಓಟ ಬೇಕಾಗಿಲ್ಲ. ಕೀಪರ್ ಹಿಡಿದ ತಕ್ಷಣ ಒಂಬತ್ತು ಮತ್ತು ಹತ್ತನೆಯವರು ಎರಡು ಸೈಡಿಗೆ ತೆರೆದುಕೊಂಡರೆ ಸಾಕು, ಕೀಪರ್‌ಗೆ ಉರುಳಿಸೋ ದಾರಿ ಸಿಗುತ್ತೆ.

ಪ್ರಾಕ್ಟೀಸ್ ಹೀಗೆ ಮಾಡಿಸಿ. ಮೊದಲ 10 ನಿಮಿಷ ಚೆಂಡಿಲ್ಲದೆ, ನೀವು "ಬಲ, ಒಳಗೆ", "ಎಡ, ಶಾರ್ಟ್" ಅಂತ ಕೂಗಿದಂತೆ ಜಾಗ ಹಿಡಿಯಲಿ. 6 ಸೆಕೆಂಡಿನೊಳಗೆ ಎಲ್ಲರೂ ಜಾಗದಲ್ಲಿ ಇರಬೇಕು. ಮುಂದಿನ 10 ನಿಮಿಷ ಕಾರ್ನರ್ ಬದಲು ಸಿಕ್ಸ್ ಯಾರ್ಡ್ ಮೂಲೆಯಿಂದ ಕೈಯಲ್ಲಿ ಎಸೆಯಿರಿ, ಹುಡುಗರು ಹಾರಿ ಕೈಯಲ್ಲೇ ಹಿಡಿಯಲಿ, ಹಿಡಿದ ತಕ್ಷಣ ಸಾಲು ಹೊರಗೆ ಓಡಲಿ. ಹಾರೋ ಸಮಯ ಇದರಲ್ಲೇ ಬರುತ್ತೆ, ತಲೆಗೆ ಏಟೂ ಇಲ್ಲ. ಇಂಗ್ಲೆಂಡ್‌ನಲ್ಲಿ 2021ರಿಂದ ದೊಡ್ಡವರಿಗೇ ಪ್ರಾಕ್ಟೀಸ್‌ನಲ್ಲಿ ವಾರಕ್ಕೆ 10 ಜೋರು ಹೆಡರ್‌ಗಿಂತ ಹೆಚ್ಚು ಬೇಡ ಅಂತ ಸಲಹೆ ಇದೆ, ನಮ್ಮ ಹುಡುಗರಿಗೆ ಇನ್ನೂ ಕಮ್ಮಿ ಸಾಕು. ಕೊನೆಗೆ ನಿಜವಾದ ಕಾರ್ನರ್ ಎಂಟು, ನಾಲ್ಕು ಬಲದಿಂದ ನಾಲ್ಕು ಎಡದಿಂದ, ಅದರಲ್ಲಿ ಎರಡು ಹೇಳದೇ ಶಾರ್ಟ್. ಚೆಂಡು ಪೆನಾಲ್ಟಿ ಬಾಕ್ಸ್‌ನ 16.5 ಮೀಟರ್ ಗೆರೆ ದಾಟಿ ಸೈಡಿಗೆ ಹೋದರೆ ಡಿಫೆನ್ಸ್‌ಗೆ ಒಂದು ಪಾಯಿಂಟ್, ಸಾಲು ಪೆನಾಲ್ಟಿ ಸ್ಪಾಟ್ ದಾಟಿದ್ದರೆ ಇನ್ನೊಂದು. ಪಾಯಿಂಟ್ ಇಟ್ಟರೆ ಹುಡುಗರು ತಾವೇ ಒಬ್ಬರಿಗೊಬ್ಬರು ಕೂಗಿಕೊಂಡು ಹೊರಗೆ ಓಡ್ತಾರೆ.

ಸೆವೆನ್ಸ್ (ತಂಡಕ್ಕೆ ಏಳು ಜನ) ಆಡೋರು ಕೇಳಿದ್ದಿರಿ. ಅಲ್ಲಿ ಜೋನ್‌ನಲ್ಲಿ ಮೂವರು, ಓಟ ತಡೆಯೋಕೆ ಒಬ್ಬ, ಶಾರ್ಟ್‌ಗೆ ಒಬ್ಬ, ಮುಂದೆ ಒಬ್ಬ. ಪೋಸ್ಟ್‌ಗೆ ಯಾರೂ ಬೇಡ.

ಮುಂದಿನ ಮ್ಯಾಚಿನ ಮೊದಲ ಕಾರ್ನರ್ ವಿಡಿಯೊ ಗೋಲಿನ ಹಿಂದಿನಿಂದ ತೆಗೆದು ಇಲ್ಲಿ ಹಾಕಿ ಸರ್. ಸೈಡ್‌ಲೈನ್‌ನಿಂದ ತೆಗೆದರೆ ಜೋನ್ ಸಾಲಿನ ಅಂತರ ಕಾಣಲ್ಲ.